ಹೊಟ್ಟೆ ಕೊಯ್ದರೆ ಡಾಕ್ಟರ್ ಸೋತ ಹಾಗಾ?



ಹೋದ ತಿಂಗಳು ರಾತ್ರಿ ಬುಲೆಟಿನ್ ಮುಗಿಸಿ ಮೇಕಪ್ ಒರೆಸ್ಕೊಳ್ತಾ ಕೂತಿದ್ದೆ. ಭಾವನ ಫೋನ್ ಬಂತು. ಕೆಂಡದಂಥ ಸಿಟ್ಟು. "ನಿಮ್ಮಕ್ಕಂಗೆ ಗಾಲ್ ಬ್ಲಾಡರ್ ಸ್ಟೋನು, ನಾಲ್ಕು ತೂತು ಮಾಡಿ ತೆಗೀತೀವಿ ಅಂತ ಒಳಗೆ ಕರ್ಕೊಂಡು ಹೋದ್ರು. ಈಗ ನೋಡಿದ್ರೆ ಗೇಣುದ್ದ ಹೊಲಿಗೆ! ಕೈಲಾಗದ ಡಾಕ್ಟರು. ಕ್ಯಾಮೆರಾ ಕಳಿಸು, ಮರ್ಯಾದೆ ತೆಗಿ!"

ನಿಜ ಹೇಳ್ತೀನಿ, ಹೆಡ್‌ಲೈನ್ ಆಗಲೇ ತಲೆಯಲ್ಲಿ ರೆಡಿಯಾಗಿತ್ತು. ಆದರೂ ಮೊದಲು ನಾನೊಬ್ಬನೇ ಹೋದೆ.

ಸರ್ಜನ್ ಸಿಟ್ಟಾಗಲಿಲ್ಲ. ಕಾಗದ ತಗೊಂಡು ಚಿತ್ರ ಬರೆದರು. ಲಿವರ್ ಕೆಳಗೆ ಪಿತ್ತಕೋಶ. ಅದರಿಂದ ಹೊರಡುವ ಒಂದು ಸಣ್ಣ ನಾಳ. ಅದು ಹೋಗಿ ಸೇರುವುದು ಲಿವರ್‌ನಿಂದ ಕರುಳಿಗೆ ಹರಿಯುವ ದೊಡ್ಡ ಪಿತ್ತನಾಳಕ್ಕೆ. ಕತ್ತರಿಸಬೇಕಾದದ್ದು ಸಣ್ಣದನ್ನು. ತಪ್ಪಿ ದೊಡ್ಡದಕ್ಕೆ ಕತ್ತರಿ ತಾಗಿದರೆ ಪಿತ್ತರಸ ಹೊಟ್ಟೆಯೊಳಗೆ ಸೋರುತ್ತೆ. ಕಾಮಾಲೆ, ಸೋಂಕು, ಮತ್ತೆ ಆಪರೇಷನ್, ಕೆಲವೊಮ್ಮೆ ಜೀವಕ್ಕೇ ಅಪಾಯ. "ನಿಮ್ಮ ಅಕ್ಕನವರಿಗೆ ಎಷ್ಟೋ ಸಲ ಊತ ಬಂದು ಹೋಗಿ ಒಳಗೆಲ್ಲ ಅಂಟಿಕೊಂಡಿತ್ತು. ಪರದೆ ಮೇಲೆ ಯಾವ ನಾಳ ಯಾವುದು ಅಂತ ನನಗೆ ಖಾತ್ರಿ ಆಗಲಿಲ್ಲ. ಅದಕ್ಕೇ ಹೊಟ್ಟೆ ತೆರೆದೆ."

ಖಾತ್ರಿ ಆಗಲಿಲ್ಲ! ಇಷ್ಟು ಹೇಳೋದಕ್ಕೆ ಎಂಟೆದೆ ಬೇಕು ಸ್ವಾಮಿ.

ಈ ಕೀಹೋಲ್ ಆಪರೇಷನ್ ಕಥೆಯೇ ಹಾಗಿದೆ ನೋಡಿ. 1985ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಬೊಬ್ಲಿಂಗನ್‌ನಲ್ಲಿ ಎರಿಕ್ ಮ್ಯೂಹೆ ಎಂಬ ಸರ್ಜನ್ ಮೊದಲ ಬಾರಿಗೆ ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆದರು. ಮರುವರ್ಷ ಸರ್ಜನ್‌ಗಳ ಸಭೆಯಲ್ಲಿ ಹೇಳಿದರೆ ನಂಬಿದವರಿಲ್ಲ. ಮುಂದೆ ಅವರ ರೋಗಿಯೊಬ್ಬರು ತೀರಿಕೊಂಡಾಗ ಕೋರ್ಟಿಗೂ ಎಳೆದರು. 1990ರಲ್ಲಿ ನಿರ್ದೋಷಿ ಅಂತಾಯಿತು. 1992ರಲ್ಲಿ ಜರ್ಮನ್ ಸರ್ಜನ್‌ಗಳ ಸಂಘವೇ ಕರೆದು ಪ್ರಶಸ್ತಿ ಕೊಟ್ಟಿತು! ಅಷ್ಟರಲ್ಲಿ ಈ ವಿದ್ಯೆ ನಮ್ಮಲ್ಲಿಗೂ ಬಂದಾಗಿತ್ತು. 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಮಾಡಿ ತೋರಿಸಿದ್ದರು.

ಆಮೇಲೆ ಎಲ್ಲರೂ ಮುಗಿಬಿದ್ದರು. ಲಾಭ ಸುಳ್ಳಲ್ಲ. ನೋವು ಕಮ್ಮಿ, ಗಾಯ ಚಿಕ್ಕದು, ಬೇಗ ಮನೆಗೆ. ಆದರೆ ಶುರುವಿನ ವರ್ಷಗಳಲ್ಲಿ ಇನ್ನೊಂದು ಲೆಕ್ಕವೂ ಏರಿತು. ಹೊಟ್ಟೆ ತೆರೆದು ಮಾಡುವಾಗ ಪಿತ್ತನಾಳಕ್ಕೆ ಪೆಟ್ಟು ಬೀಳುತ್ತಿದ್ದದ್ದು ಸಾವಿರಕ್ಕೆ ಒಂದೋ ಎರಡೋ. ತೂತಿನಿಂದ ಮಾಡುವಾಗ ಅದು ನಾಲ್ಕೈದಾಯಿತು. ಕೈ ನಡುಗಿ ಆದದ್ದು ಕಮ್ಮಿ. ಒಂದು ನಾಳವನ್ನು ಇನ್ನೊಂದು ಅಂತ ಕಣ್ಣು ಮೋಸಹೋಗಿ ಆದದ್ದೇ ಹೆಚ್ಚು.

1995ರಲ್ಲಿ ಅಮೆರಿಕದ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಇದಕ್ಕೊಂದು ಕಟ್ಟುನಿಟ್ಟು ತಂದರು. ಸುತ್ತಲಿನ ಕೊಬ್ಬನ್ನೆಲ್ಲ ಬಿಡಿಸಬೇಕು, ಪಿತ್ತಕೋಶದ ಬುಡವನ್ನು ಲಿವರ್‌ನಿಂದ ಸ್ವಲ್ಪ ಬೇರ್ಪಡಿಸಬೇಕು. ಒಂದು ಪಿತ್ತದ ನಾಳ, ಒಂದು ರಕ್ತನಾಳ, ಎರಡೇ ಎರಡು ಪಿತ್ತಕೋಶಕ್ಕೆ ಹೋಗೋದು ಕಣ್ಣಾರೆ ಕಾಣಬೇಕು. ಅಲ್ಲೀವರೆಗೆ ಕತ್ತರಿ ಹಾಕಬಾರದು. ಕಾಣದಿದ್ದರೆ? ನಿಲ್ಲಿಸಿ, ಅನುಭವಿಗಳನ್ನು ಕರೆಯಿರಿ, ಪಿತ್ತಕೋಶದ ಒಂದಿಷ್ಟು ಭಾಗ ಅಲ್ಲೇ ಬಿಡಿ, ಇಲ್ಲವೇ ಹೊಟ್ಟೆ ತೆರೆಯಿರಿ. ಅಕ್ಕನ ಡಾಕ್ಟರ್ ಮಾಡಿದ್ದು ಇದನ್ನೇ.

ಹಾಗಂತ ಎಲ್ಲ ಡಾಕ್ಟರೂ ದೇವರು ಅಂತ ನಾನು ಹೇಳ್ತಿಲ್ಲ. ನಿರ್ಲಕ್ಷ್ಯ ಇದೆ, ಅದನ್ನು ಕೇಳೋಣ. ಆದರೆ ಭಾವನ ಸಿಟ್ಟಿಗೆ ಬೀಜ ಹಾಕಿದ್ದು ಯಾರು ಗೊತ್ತಾ? ನಾನೇ. "ಬೆಳಿಗ್ಗೆ ಹೋಗಿ, ಸಂಜೆ ಬನ್ನಿ" ಅಂತ ಇದೇ ಕುರ್ಚಿಯಲ್ಲಿ ಕೂತು ಕಾರ್ಯಕ್ರಮ ಮಾಡಿದವನು ನಾನು. ತೂತು ಚಿಕ್ಕದು ಅಂದೆ, ಆಪರೇಷನ್ ಚಿಕ್ಕದಲ್ಲ ಅಂತ ಹೇಳಲಿಲ್ಲ. ಹೊರಗೆ ಕ್ಯಾಮೆರಾ ನಿಂತಿದೆ ಅಂತ ಹೆದರಿ ನಾಳೆ ಒಬ್ಬ ಸರ್ಜನ್ ಕಾಣದೆಯೇ ಕತ್ತರಿ ಹಾಕಿದರೆ, ಅನುಭವಿಸೋರು ಯಾರು? ಮೇಜಿನ ಮೇಲೆ ಮಲಗಿದ ನಮ್ಮ ಅಕ್ಕಂದಿರು.

ಆದ್ದರಿಂದ ಸಹಿ ಹಾಕೋ ಮೊದಲು ಮೂರು ಮಾತು ಕೇಳಿ. ಈ ಆಪರೇಷನ್ ನನಗೆ ಬೇಕೇಬೇಕಾ? ನೀವು ಇಂಥವು ಎಷ್ಟು ಮಾಡಿದ್ದೀರಿ? ಒಳಗೆ ಸರಿಯಾಗಿ ಕಾಣದಿದ್ದರೆ ಏನು ಮಾಡ್ತೀರಿ? ಮೂರನೇ ಪ್ರಶ್ನೆಗೆ "ಹೊಟ್ಟೆ ತೆರೀಬೇಕಾಗಬಹುದು" ಅಂದರೆ ಹೆದರಬೇಡಿ. ಅಂಥವರನ್ನು ನಂಬಬಹುದು.

ಅಕ್ಕ ಹೊಲಿಗೆ ಬಿಚ್ಚಿಸಿಕೊಂಡು ಬಂದಿದ್ದಾಳೆ, ಸಾರು ಅನ್ನ ಉಂಡಿದ್ದಾಳೆ. ಭಾವ ಇನ್ನೂ ಗೊಣಗ್ತಿದ್ದಾರೆ. ಕ್ಯಾಮೆರಾ ಮಾತ್ರ ಹೋಗಲಿಲ್ಲ.