ಹಳೆಯ ಗೊಂಬೆಯ ತವರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಮರದ ಗೊಂಬೆ ಸಿಕ್ಕರೆ ಕೂಡಲೇ ತೊಳೆಯಬೇಡಿರಿ, ಬಣ್ಣವನ್ನೂ ಬಳಿಸಬೇಡಿರಿ. ಅದರ ತವರನ್ನು ಹೇಳುವುದು ಆ ಹಳೆಯ ಮೈಯೇ.

ದುಂಡಗೆ ಕಡೆದು, ಮೈಯೆಲ್ಲ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಚನ್ನಪಟ್ಟಣದ ಬಗೆಯದು. ತಿರುಗುವ ಹಾಲೆಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ; ಉಜ್ಜಿದ ಕಾವಿಗೆ ಅರಗು ಕರಗಿ ಹತ್ತುತ್ತದೆ. ಆದರೆ ಅರಗಿನ ಕೆಲಸ ಸಾವಂತವಾಡಿಯಲ್ಲಿಯೂ ಉಂಟು; ಹೊಳಪೊಂದನ್ನೇ ನಂಬಲಾಗದು. ಬಣ್ಣ ಬಳಿದ ಮರದ ಹಣ್ಣುಗಳಾದರೆ ಇನ್ನೂ ತೊಡಕು: ನಮ್ಮ ಗೋಕಾಕವೂ ಆದೀತು, ಸಾವಂತವಾಡಿಯೂ ಆದೀತು.

ಕೊಪ್ಪಳದ ಬದಿಯ ಕಿನ್ನಾಳದ್ದನ್ನು ಮಾತ್ರ ಬಣ್ಣ ಚಕ್ಕೆಯೆದ್ದಲ್ಲಿ ಗುರುತಿಸಬಹುದು. ಹಗುರ ಮರದ ತುಂಡುಗಳ ಸಂದಿನಲ್ಲಿ ಮರದ ಪುಡಿ, ಹುಣಿಸೆಬೀಜದ ಅಂಟು, ಅದರ ಮೇಲೆ ಹತ್ತಿಯ ತುಣುಕು ಇಣುಕುತ್ತವೆ. ನೀರು ತಾಗಿದರೆ ಈ ಅಂಟು ಬಿಡುತ್ತದೆ. ಒಣಗಿದ ಮೆತ್ತನೆಯ ಅರಿವೆಯಿಂದ ಧೂಳು ಒರೆಸಿದರೆ ಸಾಕು.