ಬಾಣಂತಿ ಕೋಣೆ ಬದಲಿಸುವ ಹಕ್ಕಿಗಳು



ದತ್ತಿ ಉಪನ್ಯಾಸವೆಂದರೆ ಪಂಪ, ಕುಮಾರವ್ಯಾಸ ಎಂದುಕೊಂಡು ಬಂದವರು ಕ್ಷಮಿಸಬೇಕು. ನಾನು ಮಾತಾಡಲು ಬಂದಿರುವುದು ಮೊಟ್ಟೆಗಳ ಬಗ್ಗೆ. ಗೋವೆಯ ಈ ಕುಂಡಯಿ ಕೈಗಾರಿಕಾ ವಸಾಹತಿನಲ್ಲಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದವರೂ ಇದ್ದೀರಿ, ಬಹಳ ಹೊತ್ತು ಕೂರಿಸುವುದಿಲ್ಲ.

ಇಲ್ಲಿಂದ ಪಣಜಿಗೆ ಹೋಗುವಾಗ ಬಾಣಸ್ತಾರಿಯಲ್ಲಿ ಕುಂಬಾರ್ಜುವಾ ಕಾಲುವೆ ದಾಟಿ, ಹಳೆ ಗೋವಾ ಕಳೆದು, ರಾಯಬಂದರದ ಹಳೆಯ ರಸ್ತೆ ಹಿಡಿಯಿರಿ. 1630ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿಸಿದ ಕಲ್ಲಿನ ಏರಿ ಅದು. ಬಲಕ್ಕೆ ಮಾಂಡವಿ, ಅದರಾಚೆ ಚೋಡಣ ದ್ವೀಪದಲ್ಲಿ 1988ರಲ್ಲಿ ಘೋಷಿಸಿದ ಸಲೀಂ ಅಲಿ ಪಕ್ಷಿಧಾಮ, ಇಡೀ ಕಾಂಡ್ಲಾ ಕಾಡು. ಎಡಕ್ಕೆ ಮಿಠಾಗರ, ನಮ್ಮ ಕುಮಟೆಯ ಮಾತಿನಲ್ಲಿ ಉಪ್ಪಿನ ಆಗರ. ಅಲ್ಲಿ ಯಾವ ಧಾಮವೂ ಇಲ್ಲ. ಆದರೆ ಬೋಳು ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗೆ ಕಾಂಡ್ಲಾ ಕಾಡು ಕಟ್ಟಿಕೊಂಡು ಆಗಬೇಕಾದ್ದೇನು? ಅದಕ್ಕೆ ಬೇಕಾದ ಬಗೆಯ ನೆಲ ಎಡಗಡೆಯದು.

ಚಳಿಗಾಲದಲ್ಲಿ ಮಾಂಡವಿಯ ಮೇಲೂ ಅಘನಾಶಿನಿಯ ಅಳಿವೆಯಲ್ಲೂ ಗುಂಪುಗುಂಪಾಗಿ ಕಾಣುವ ಕಂದುತಲೆಯ ಕಡಲಹಕ್ಕಿಯನ್ನೇ ನೋಡಿ. ಕಡಲಹಕ್ಕಿಯೆಂದು ನಾವು ಹೆಸರಿಟ್ಟದ್ದು. ಅದರ ತವರು ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿದೆ. ತ್ಸೋ ಕಾರ್ ಎಂಬ ಉಪ್ಪುಕೆರೆಯ ಬಳಿಯೂ ಗೂಡು ಕಟ್ಟುತ್ತದೆ. ನಮ್ಮ ಕಿನಾರೆಯಲ್ಲೇ ಮರಿ ಮಾಡುವ ರೀವ (ಟರ್ನ್) ಹಕ್ಕಿಗಳನ್ನು ನೋಡಬೇಕಾದರೆ ಉತ್ತರಕ್ಕೆ ಹೋಗಿ ವೆಂಗುರ್ಲೆಯ ಬಂಡೆದ್ವೀಪಗಳ ಕಡೆ ದೋಣಿ ಹತ್ತಬೇಕು. ಪಕ್ಷಿತಜ್ಞ ಹುಮಾಯೂನ್ ಅಬ್ದುಲಲಿ ಅವುಗಳ ಬಗ್ಗೆ 1940ರಲ್ಲೂ 1942ರಲ್ಲೂ ಬರೆದಿದ್ದಾರೆ.

ಉಪ್ಪುನೆಲದ ದೊಡ್ಡ ಕಥೆ ಕಚ್ಛಿನದು. 1945ರಲ್ಲಿ ಸಲೀಂ ಅಲಿ ದೊಡ್ಡ ರಣದ ರಾಜಹಂಸಗಳ ನಗರಿಗೆ ಹೋದರು. ದೊಡ್ಡವು, ಮರಿಗಳು ಸೇರಿ ಐದು ಲಕ್ಷದಷ್ಟಿರಬಹುದೆಂದು ಅಂದಾಜು ಮಾಡಿದರು. ಮಳೆ ಹದವಾಗಿ ಬಂದು ಉಪ್ಪುನೆಲದ ಮೇಲೆ ಆಳವಿಲ್ಲದ ನೀರು ನಿಂತರೆ ಅಲ್ಲಿ ನಗರಿ ಏಳುತ್ತದೆ. ನೀರು ಕಡಿಮೆಯಾದ ವರ್ಷ ಹಕ್ಕಿಗಳು ಗೂಡಿನ ಗೊಡವೆಗೇ ಹೋಗುವುದಿಲ್ಲ, ಇಲ್ಲವೆ ಬೇರೆಡೆ ನೋಡಿಕೊಳ್ಳುತ್ತವೆ. ಆ ವರ್ಷ ಹೋದವನು ಖಾಲಿ ಮಣ್ಣುಗುಪ್ಪೆಗಳನ್ನು ಕಂಡು ‘ಸಂತತಿಯೇ ಮುಗಿಯಿತು’ ಎಂದು ಬರೆದರೆ ತಪ್ಪು ಅವನದು.

ಹಕ್ಕಿಗಳು ಜಾಗ ಬಿಡುವುದು ಇನ್ನೊಂದು ಬಗೆಯಲ್ಲೂ ನಡೆಯುತ್ತದೆ. ಸ್ಪೇನಿನ ಎಬ್ರೊ ನದಿಯ ಮುಖಜಭೂಮಿಯಲ್ಲಿ ಔಡ್ವಾನ್ ಕಡಲಹಕ್ಕಿ 1981ರಲ್ಲಿ ಬರೀ 36 ಜೋಡಿಯಿಂದ ಸಂಸಾರ ಹೂಡಿತು. ಇಪ್ಪತ್ತೈದು ವರ್ಷಗಳಲ್ಲಿ ಅವು ಹತ್ತು ಸಾವಿರ ಜೋಡಿಗಳನ್ನು ಮೀರಿದವು. ಆಗ ಜಗತ್ತಿನಲ್ಲಿದ್ದ ಆ ಜಾತಿಯ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ಒಂದೇ ಮರಳುಚಾಚಿನ ಮೇಲೆ! ಈ ನಡುವೆ ನರಿಗಳಿಗೆ ದಾರಿ ಸಿಕ್ಕಿತು. ಹಕ್ಕಿಗಳು ಕೆಲವು ವರ್ಷ ತಡೆದುಕೊಂಡವು, ಬಳಿಕ ಚೆದುರಿ ಕರಾವಳಿಯ ಉಪ್ಪಿನಾಗರಗಳಿಗೂ ಬಂದರುಗಳಿಗೂ ಹೋದವು. ನನ್ನ ಕುತೂಹಲವೆಲ್ಲ ಆ ‘ತಡೆದುಕೊಂಡ’ ವರ್ಷಗಳ ಮೇಲೆ. ಅಕ್ಕಪಕ್ಕದವರು ಇನ್ನೂ ಇದ್ದಾರೆಂಬ ಧೈರ್ಯದಲ್ಲಿ ಪ್ರತಿಯೊಬ್ಬರೂ ಉಳಿಯುತ್ತಾರೆ. ಒಂದಿಷ್ಟು ಮಂದಿ ಎದ್ದರೆ ಕೇರಿಯೇ ಎದ್ದುಹೋಗುತ್ತದೆ. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರುಗಳೇ, ಮಂಗೇಶ ಕುಶಸ್ಥಳಿಯಿಂದ ಪ್ರಿಯೋಳಕ್ಕೆ, ಮಹಾಲಸೆ ವೆರ್ಣೆಯಿಂದ ಮಾರ್ದೋಳಕ್ಕೆ ಹೊಳೆ ದಾಟಿ ಬಂದ ನೆರೆಹೊರೆ ಇದು.

ಆಗರದಲ್ಲಿ ಅಂಥದ್ದೇನಿದೆ? ಹೊಳೆಯ ಕೆಸರುದಂಡೆ ದಿನಕ್ಕೆರಡು ಸಲ ಉಬ್ಬರದಲ್ಲಿ ಮುಳುಗುತ್ತದೆ, ಅಲ್ಲಿ ಮೊಟ್ಟೆ ಉಳಿಯದು. ಆಗರದವನು ಗೋವೆಯಲ್ಲಿ ಮಾನಸ, ನಮ್ಮಲ್ಲಿ ಜಂತ್ರಡಿ ಎನ್ನುವ ಬಾಗಿಲಿನಿಂದ ನೀರನ್ನು ಲೆಕ್ಕ ಹಾಕಿ ಬಿಡುತ್ತಾನೆ. ಮಡಿಯಿಂದ ಮಡಿಗೆ ದಾಟುತ್ತ ನೀರು ಗಟ್ಟಿಯಾಗುತ್ತದೆ, ಬದುವಿನ ನೆತ್ತಿ ಮಾತ್ರ ಒಣಗಿರುತ್ತದೆ. ಉಪ್ಪು ಹುಲ್ಲನ್ನು ಸುಡುತ್ತದೆ, ಸುತ್ತಲ ನೀರು ನಾಯಿ ನರಿಗಳನ್ನು ದೂರವಿಡುತ್ತದೆ. ಆಗರ ಪಾಳುಬಿದ್ದರೆ ಪ್ರಕೃತಿಗೆ ಒಳ್ಳೆಯದೆಂದು ಪೇಟೆಯವರು ಖುಷಿಪಡುತ್ತಾರೆ. ನಾನು ಒಪ್ಪುವುದಿಲ್ಲ. ಬದು ಒಡೆದರೆ ಉಬ್ಬರ ಒಳಗೆ ನುಗ್ಗುತ್ತದೆ, ಹಿಂದೆಯೇ ಕಾಂಡ್ಲಾ ಬೇರೂರುತ್ತದೆ. ಕಾಂಡ್ಲಾ ಒಳ್ಳೆಯದೇ, ಆದರೆ ಬೋಳು ನೆಲದ ಬಾಣಂತಿಗೆ ಜಾಗ ಹೋಯಿತು. ಸಾಣಿಕಟ್ಟೆಯಲ್ಲಿ ಇಂದಿಗೂ ಉಪ್ಪು ಎಳೆಯುವವರ ಕೂಲಿಯ ಪ್ರಶ್ನೆಯನ್ನು ನಾನು ಹಕ್ಕಿಯ ಪ್ರಶ್ನೆಯೆಂದೇ ಎಣಿಸುತ್ತೇನೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಹೆಸರು ಸಿಕ್ಕಿತು, ಸಂತೋಷ. ಪಟ್ಟಿಗೆ ಗಡಿ ಇರುತ್ತದೆ, ರೀವಕ್ಕೆ ಇಲ್ಲ.

ಹೊಳೆಯ ರೀವ ಹೀಗೆ ಜಾಗ ಬದಲಿಸುವುದನ್ನು ಘಟ್ಟದ ಮೇಲೆಯೂ ತೋರಿಸಿದೆ. ನದಿಯ ಮರಳುದಿಣ್ಣೆಯಲ್ಲಿ ಮೊಟ್ಟೆಯಿಡುವ ಆ ಹಕ್ಕಿ ಈಗ ಬೇಸಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳಲ್ಲಿ ಸಾವಿರಗಟ್ಟಲೆ ಸೇರುತ್ತದೆ. ಜಲಾಶಯದ ಮಟ್ಟ ಎಷ್ಟೆಂಬುದರ ಮೇಲೆ ಆ ವರ್ಷದ ನಡುಗಡ್ಡೆ ಯಾವುದೆಂಬುದು ತೀರ್ಮಾನವಾಗುತ್ತದೆ. ಹಾಗಾಗಿ ಒಂದು ಗಡ್ಡೆಯ ತಲೆ ಎಣಿಸಿ ಬಂದರೆ ಸಾಲದು, ಸುತ್ತಲಿನ ಎಲ್ಲ ಗಡ್ಡೆಗಳನ್ನೂ ಒಂದೇ ವಾರದಲ್ಲಿ ಎಣಿಸಬೇಕು.

ಕೊನೆಗೆ ನಾನೇ ಕಂಡ ಒಂದು ಗೂಡು. ರೀವದ್ದಲ್ಲ, ಮೆಟ್ಟುಗಾಲು ಹಕ್ಕಿಯದು. ಅದನ್ನು ಕಡಲಹಕ್ಕಿ ಎನ್ನಲಾಗದು, ಆದರೂ ಆಗರದಲ್ಲಿ ಇವೆರಡೂ ಒಂದೇ ವಠಾರದವು. ಮೇ ತಿಂಗಳು, ನಡುಹಗಲು. ಬದುವಿನ ಮೇಲೆ ಅಂಗೈಯಷ್ಟು ಗುಳಿ, ಅದರಲ್ಲಿ ಮಣ್ಣಿನ ಬಣ್ಣದ, ಕಪ್ಪು ಚುಕ್ಕೆಯ ನಾಲ್ಕು ಮೊಟ್ಟೆ. ಚೂಪು ತುದಿಗಳೆಲ್ಲ ಒಳಮುಖ. ತಾಯಿಯೋ ತಂದೆಯೋ ಎದ್ದು ಪಕ್ಕದ ಮಡಿಗೆ ಇಳಿದು, ಉದ್ದನೆಯ ಕೆಂಪು ಕಾಲು ಮಡಚಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು, ಬಿಸಿಲಿಗೆ ಕಾದ ಮೊಟ್ಟೆಗಳ ಮೇಲೆ ಮೆಲ್ಲಗೆ ಕುಳಿತಿತು. ಅರ್ಧ ಗಂಟೆಯಲ್ಲಿ ನಾಲ್ಕು ಸಲ. ಮರುವರ್ಷ ಅದೇ ವಾರ ಹೋದೆ. ಆಗರ ನಡೆಸುವವರು ಬಿಟ್ಟುಹೋಗಿದ್ದರು, ಬದುವಿನ ಮೇಲೆ ಮೊಣಕಾಲೆತ್ತರ ಹುಲ್ಲು, ಅದರಲ್ಲಿ ಎರಡು ನಾಯಿ. ಸೈಕಲ್ ತಿರುಗಿಸಿ ಹಿಂದೆ ಬರುವಾಗ, ಇನ್ನೂ ಉಪ್ಪು ತೆಗೆಯುತ್ತಿದ್ದ ಬೇರೊಂದು ಆಗರದ ಮುದುಕ ಕೈಸನ್ನೆ ಮಾಡಿ ಕರೆದ. ಗೋಣಿಚೀಲದ ಒಟ್ಟಿಲಿನ ಹಿಂದೆ ನಾಲ್ಕು ಜೋಡಿ ಕೂತಿದ್ದವು. ಆ ಬದುವಿನ ಮೇಲೆ ತಾನು ಒಂದು ವಾರದಿಂದ ಬುಟ್ಟಿ ಹೊತ್ತು ನಡೆದಿಲ್ಲ, ಸುತ್ತು ಹಾಕಿಕೊಂಡು ಹೋಗುತ್ತಿದ್ದೇನೆ ಎಂದ.