ದಾಸೋಹದ ವಹಿ ಮತ್ತು ಓಟಿನ ಸಂದೇಶ

(ಸಿಂದಗಿ ತಾಲ್ಲೂಕಿನ ಮಠವೊಂದರ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಗೋಷ್ಠಿಯಲ್ಲಿ ಶರಣರೊಬ್ಬರ ಜೀವನವನ್ನೋ ವಚನದ ಒಂದು ವಿಚಾರವನ್ನೋ ಎತ್ತಿಕೊಂಡು ಮಾತಾಡುವುದು ವಾಡಿಕೆ. ಈ ಸಲ ಪೂಜ್ಯರು ನನ್ನನ್ನು ಕರೆದು, "ಮಾಸ್ತರ, ಓಟಿನ ಫೋನಿನ ಬಗ್ಗೆ ಮಾತಾಡ್ರಿ. ಮಂದಿ ಬ್ಯಾಸತ್ತಾರ. ನಿಮ್ಮ ಮಾತೂ ಹೇಳಿಬಿಡ್ರಿ" ಅಂದರು. ನನ್ನ ಮಾತು ಎಂದರೆ ಏನೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಉಳಿದವರಿಗೆ ಇವತ್ತು ಗೊತ್ತಾಗುತ್ತದೆ.

2021ರ ಅಕ್ಟೋಬರ್ 30ರ ಉಪಚುನಾವಣೆ ನೆನಪಿದೆಯಲ್ಲ? ರಾಜ್ಯದಲ್ಲಿ ಅವತ್ತು ವಿಧಾನಸಭೆಗೆ ಮತದಾನ ಇದ್ದದ್ದು ಎರಡೇ ಕಡೆ, ನಮ್ಮ ಸಿಂದಗಿ ಮತ್ತು ಹಾನಗಲ್ಲ. ರಾಜ್ಯದ ದೊಡ್ಡವರೆಲ್ಲ ನಮ್ಮೂರ ಧೂಳಿನಲ್ಲಿ ಓಡಾಡಿದರು. ಅವರ ಹಿಂದೆಯೇ ಫೋನುಗಳೂ ಬಂದವು. ಎತ್ತಿದರೆ ಧ್ವನಿಮುದ್ರಿತ ಭಾಷಣ. ನಾವು ಎದುರು ಮಾತಾಡಿದರೂ ಅದಕ್ಕೆ ಕೇಳಿಸುವುದಿಲ್ಲ. 2023ರ ಮೇ 10ರ ವಿಧಾನಸಭೆ ಚುನಾವಣೆಗೆ ಅದು ಹೆಚ್ಚಾಯಿತು, 2024ರ ಮೇ 7ರ ಲೋಕಸಭೆಗೆ ಇನ್ನೂ ಹೆಚ್ಚಾಯಿತು. ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ ಮುಗಿದದ್ದು 2021ರಲ್ಲೇ. ಆ ಚುನಾವಣೆ ಬಂದರೆ ಊರೂರಿನ ಹುರಿಯಾಳುಗಳೂ ಇದೇ ದಾರಿ ಹಿಡಿಯುತ್ತಾರೆ.

"ಗೊತ್ತಿಲ್ಲದ ನಂಬರ್ ಎತ್ತಬ್ಯಾಡ್ರಿ" ಎಂದು ಓದಿದವರು ಸುಲಭವಾಗಿ ಹೇಳುತ್ತಾರೆ. ಇಂಡಿಯಲ್ಲಿ ನನ್ನ ಬೀಗರು ಲಿಂಬೆ ಬೆಳೆಯುತ್ತಾರೆ. ಅವರಿಗೆ ಲಿಂಬೆ ಕೊಳ್ಳುವ ವ್ಯಾಪಾರಿಯ ಫೋನು ಗೊತ್ತಿಲ್ಲದ ನಂಬರಿನಿಂದಲೇ ಬರುವುದು. ಎತ್ತದಿದ್ದರೆ ಅವತ್ತಿನ ದರ ಹೋಯಿತು. ಮುದ್ದೇಬಿಹಾಳ ಕಡೆಯ ತಾಯಂದಿರನ್ನು ಕೇಳಿ ನೋಡಿ. ಗೋವಾಕ್ಕೆ, ಪುಣೆಗೆ ದುಡಿಯಲು ಹೋದ ಮಗ ತಿಂಗಳಿಗೊಂದು ಸಿಮ್ ಬದಲಿಸುತ್ತಾನೆ. ರಾತ್ರಿ ಒಂಬತ್ತಕ್ಕೆ ಫೋನು ಬಾರಿಸಿದರೆ ಅವಳು ಓಡಿಬಂದು ಎತ್ತುವುದು ಮಗನ ದನಿ ಕೇಳಲೆಂದು. ಅವಳಿಗೆ ಕೇಳಿಸುವುದು ಪಕ್ಷದ ಹಾಡು. ಫೋನು ಎತ್ತಿದ್ದು ಅವಳ ತಪ್ಪೇ?

ಈಗ ನನ್ನ ತಪ್ಪು ಹೇಳುತ್ತೇನೆ.

ಈ ಮಠದ ದಾಸೋಹದ ವಹಿ ಹದಿನಾಲ್ಕು ವರ್ಷಗಳಿಂದ ನನ್ನ ಕೈಯಲ್ಲಿದೆ. ಯಾರು ಜೋಳ ಕೊಟ್ಟರು, ಯಾರು ಅಕ್ಕಿ ಕೊಟ್ಟರು, ಯಾರ ನೆನಪಿಗೆ ಕೊಟ್ಟರು, ಊರು ಯಾವುದು, ಫೋನ್ ನಂಬರ್ ಏನು, ಎಲ್ಲ ಅದರಲ್ಲಿ ಬರೆಯುತ್ತೇನೆ. ವಧೂ-ವರರ ಸಮಾವೇಶಕ್ಕೆ ಅನುಕೂಲವಾಗಲಿ ಎಂದು ಇನ್ನೊಂದು ಅಂಕಣ ಹಾಕಿದ್ದೆ. ಒಳಪಂಗಡ. ಅದನ್ನು ಹಾಕಿದವನೂ ನಾನೇ.

2023ರ ಬಸವ ಜಯಂತಿಗೆ ಮೊದಲು ಪರಿಚಯದ ಒಬ್ಬ ಹುಡುಗ ಬಂದ. ನನ್ನ ಶಿಷ್ಯ, ವಿಭೂತಿ ಹಚ್ಚಿಕೊಂಡೇ ಬಂದಿದ್ದ. "ಸರ್, ಜಯಂತಿಯ ಶುಭಾಶಯ ಎಲ್ಲಾ ಭಕ್ತರಿಗೆ ಮುಟ್ಟಿಸೋಣ, ವಹಿ ಫೋಟೊ ತಗೊಳ್ಳಲೇನ್ರಿ" ಎಂದ. ಒಳ್ಳೆಯ ಕೆಲಸ ಎನಿಸಿತು. ಅವನಿಗೆ ಚಹಾ ಮಾಡಿಸಿ, ಪುಟ ನಾನೇ ತಿರುವಿ ಹಾಕಿದೆ. ಶುಭಾಶಯ ಬಂತು, ಚಂದವಾಗಿಯೇ ಬಂತು. ವಾರ ಕಳೆದ ಮೇಲೆ ಅದೇ ಮಂದಿಗೆ ಓಟಿನ ಸಂದೇಶ ಶುರುವಾದವು.

ಆ ದಿನಗಳಲ್ಲಿ ಒಬ್ಬ ತಾಯಿ ಮಠಕ್ಕೆ ಬಂದರು. ಅವರ ಯಜಮಾನರು ಹೋಗಿ ಆಗ ಮೂರು ವರ್ಷವಾಗಿತ್ತು. ಪ್ರತಿ ವರ್ಷ ಅವರ ನೆನಪಿಗೆ ಒಂದು ಚೀಲ ಜೋಳ ತರುತ್ತಾರೆ. ಫೋನು ನನ್ನ ಕೈಗೆ ಕೊಟ್ಟು, "ಓದ್ರಿ ಮಾಸ್ತರ, ಮನಿಯವರ ಹೆಸರೈತಿ ಇದರಾಗ" ಎಂದರು. ಓದಿದೆ. "ಮಾನ್ಯ ಲಿಂ." ಎಂದು ಶುರುವಾಗಿತ್ತು. ಮುಂದೆ ಅವರ ಯಜಮಾನರ ಹೆಸರು. ಅದರ ಮುಂದೆ, ತಮ್ಮ ಅಮೂಲ್ಯ ಮತವನ್ನು ಇಂಥವರಿಗೆ ನೀಡಿ ಎಂಬ ವಿನಂತಿ.

ಲಿಂಗೈಕ್ಯರಾದವರ ಹೆಸರಿಗೆ 'ಲಿಂ.' ಎಂದು ಬರೆಯುವವರು ನಾವೇ. ಕಂಪ್ಯೂಟರಿಗೆ ಅದು ಇನಿಷಿಯಲ್ ಆಗಿ ಕಂಡಿದೆ. ಮತದಾರರ ಪಟ್ಟಿಯಲ್ಲಿ 'ಲಿಂ.' ಇರುವುದಿಲ್ಲ, ಪ್ರಕಟವಾಗುವ ಆ ಪಟ್ಟಿಯಲ್ಲಿ ಫೋನ್ ನಂಬರೂ ಇರುವುದಿಲ್ಲ. ಆ ತಾಯಿಯ ನಂಬರಿನ ಎದುರಿಗೆ ಅವರ ಗಂಡನ ಹೆಸರು, ಅದರ ಹಿಂದೆ ಆ ಎರಡಕ್ಷರ ಇದ್ದದ್ದು ನನ್ನ ವಹಿಯಲ್ಲಿ ಮಾತ್ರ. ನನ್ನ ಕೈಬರಹವನ್ನೇ ನಾನು ಓದುತ್ತಿದ್ದೆ. "ಮಠದಿಂದ ಬಂದೈತೇನ್ರಿ?" ಎಂದು ಅವರು ಕೇಳಿದರು. ನಾನು "ಇಲ್ಲ" ಎಂದೆ. ಅದು ಸುಳ್ಳಾಗಿತ್ತು.

ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸುತ್ತ ಹೋದೆ. ನನಗೆ ಬಂದ ಸಂದೇಶದಲ್ಲಿ ನನ್ನ ಒಳಪಂಗಡದ ಹೆಸರಿತ್ತು, "ನಮ್ಮವರ ಕೈ ಬಲಪಡಿಸಿ" ಎಂದಿತ್ತು. ಎದುರು ಮನೆಯವರಿಗೆ ಬಂದದ್ದರಲ್ಲಿ ಅವರ ಪಂಗಡದ ಹೆಸರು, ನನ್ನ ಪಂಗಡದವರು ಇಷ್ಟು ವರ್ಷ ಅವರಿಗೆ ಮಾಡಿದ ಅನ್ಯಾಯದ ಲೆಕ್ಕ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡವರು. ಆ ಊಟದ ವಹಿಯಿಂದಲೇ ನಮ್ಮನ್ನು ಬೇರೆ ಮಾಡಿದ್ದರು. ಯಂತ್ರಕ್ಕೆ ನಮ್ಮ ಒಳಪಂಗಡ ತಾನಾಗಿ ತಿಳಿಯುವುದಿಲ್ಲ, ಶರಣರೇ. ಅಂಕಣ ಎಳೆದು, ತುಂಬಿಸಿ ಕೊಟ್ಟವರು ನಾವು. ಸಭೆಯಲ್ಲಿ ಜಾತಿ ಇಲ್ಲ ಎನ್ನುತ್ತೇವೆ, ಕಪಾಟಿನಲ್ಲಿ ಪಟ್ಟಿ ಇಟ್ಟುಕೊಳ್ಳುತ್ತೇವೆ. ಬೇರೆ ಮಠಗಳ ವಹಿಗಳಲ್ಲಿ ಏನಿದೆ ಎಂದು ಆಯಾ ಮಠದ ಭಕ್ತರು ಒಮ್ಮೆ ನೋಡಿದರೆ ಒಳ್ಳೆಯದು.

ಕಾನೂನಿನ ಮಾತಿಗೆ ಬರುತ್ತೇನೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಮಿನ ಪ್ರಕಾರ ಅಭ್ಯರ್ಥಿ, ಅವನ ಏಜೆಂಟ್ ಅಥವಾ ಅವರ ಒಪ್ಪಿಗೆಯಿಂದ ಇನ್ನೊಬ್ಬರು ಧರ್ಮ, ಜಾತಿ, ಸಮುದಾಯ, ಭಾಷೆಯ ಹೆಸರಿನಲ್ಲಿ ಓಟು ಕೇಳುವುದು ಭ್ರಷ್ಟ ಆಚರಣೆ. ಅಭ್ಯರ್ಥಿಯ ಜಾತಿಯಷ್ಟೇ ಅಲ್ಲ, ಮತದಾರನ ಜಾತಿಯನ್ನು ಮುಂದೆ ಮಾಡಿ ಕೇಳುವುದೂ ಇದರಲ್ಲಿ ಬರುತ್ತದೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದಿಂದ ಹೇಳಿತು. ಅದೇ ಕಾಯ್ದೆಯ 127ಎ ಕಲಮು ನನಗೆ ಬಹಳ ಹಿಡಿಸಿತು. ಚುನಾವಣೆಯ ಕರಪತ್ರ, ಪೋಸ್ಟರಿನ ಮೇಲೆ ಮುದ್ರಕನ ಹೆಸರು ವಿಳಾಸ, ಪ್ರಕಾಶಕನ ಹೆಸರು ವಿಳಾಸ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇದು ಅಂಕಿತವೇ ಅಲ್ಲವೇ? ಫ. ಗು. ಹಳಕಟ್ಟಿಯವರು ನಮ್ಮ ಜಿಲ್ಲೆಯಲ್ಲೇ ಕುಳಿತು, ಊರೂರಿನ ಮನೆಗಳಿಂದ ತಾಳೆಗರಿಯ ಕಟ್ಟುಗಳನ್ನು ತಂದು, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ಯಾವ ವಚನ ಯಾರದು ಎಂದು ಅವರು ವಿಂಗಡಿಸಲು ಆದದ್ದು ಪ್ರತಿ ಶರಣರೂ ಮಾತಿನ ಕೊನೆಗೆ ಅಂಕಿತ ಇಟ್ಟಿದ್ದರಿಂದ. ಹೆಚ್ಚಿನವರು ತಮ್ಮ ಇಷ್ಟದೈವದ ಹೆಸರಿಟ್ಟರು. ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ, ಅದೂ ಕಾಯಕದ ಸಮೇತ ಇಟ್ಟರು. ಕಟುವಾಗಿ ಮಾತಾಡಿದರು, ಮಾತಾಡಿದವನು ನಾನೇ ಎಂದರು. ಫೋನಿಗೆ ಬರುವ ಈ ಸಂದೇಶಗಳಿಗೆ ಅಂಕಿತವಿಲ್ಲ. ಕೆಲವಕ್ಕೆ ಬಸವಣ್ಣನವರ ಭಾವಚಿತ್ರ ಅಂಟಿಸಿ, ಅವರು ಎಂದೂ ಹೇಳದ ಸಾಲುಗಳ ಕೆಳಗೆ ಅವರ ಅಂಕಿತವನ್ನೇ ಹಾಕಿರುತ್ತಾರೆ. ವಚನ ಓದಿದವರಿಗೆ ಅಂಥದ್ದು ತಿಳಿಯಬೇಕು. ತಿಳಿದೂ ಮುಂದಕ್ಕೆ ಕಳಿಸುವವರು ನಮ್ಮಲ್ಲೇ ಇದ್ದಾರೆ, ಇಲ್ಲಿಯೂ ಕೂತಿದ್ದಾರೆ, ನಗಬೇಡಿ.

1909ಕ್ಕೆ ಫೋನ್ ಮಾಡಿ ಡಿಎನ್‌ಡಿ ಹಾಕಿಸಿದರೆ ನಿಲ್ಲುತ್ತದೆಯೇ ಎಂದು ಹಲವರು ಕೇಳಿದ್ದೀರಿ. ಹಾಕಿಸಿಕೊಳ್ಳಿ, ಸಾಲ ಕೊಡುವವರ, ನಿವೇಶನ ಮಾರುವವರ ಕಾಟ ಕಡಿಮೆಯಾದೀತು. ಆದರೆ ಅದು ವ್ಯಾಪಾರದ ಸಂದೇಶಗಳಿಗೆ ಮಾಡಿದ ವ್ಯವಸ್ಥೆ. ಬ್ಯಾಂಕು, ಶಿಕ್ಷಣ, ಆರೋಗ್ಯ, ಪ್ರವಾಸ ಎಂದೆಲ್ಲ ವರ್ಗಗಳಿವೆ, ರಾಜಕೀಯ ಎಂಬ ವರ್ಗವೇ ಇಲ್ಲ. ಓಟಿನ ಸಂದೇಶಕ್ಕೆ ದಾರಿ ಚುನಾವಣಾ ಆಯೋಗದ ಕಡೆಯದು. ಒಟ್ಟಾಗಿ ಕಳಿಸುವ ಎಸ್ಸೆಮ್ಮೆಸ್, ಧ್ವನಿ ಸಂದೇಶಗಳಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಅನುಮತಿ ಮೊದಲೇ ಬೇಕು. ಮತದಾನ ಮುಗಿಯುವ ವೇಳೆಗೆ ಹಿಂದಿನ 48 ಗಂಟೆ ಅಂಥ ಎಸ್ಸೆಮ್ಮೆಸ್ ಕಳಿಸುವಂತೆಯೇ ಇಲ್ಲ. ಆದ್ದರಿಂದ ಸಿಟ್ಟಿನಲ್ಲಿ ಅಳಿಸಬೇಡಿ. ನಂಬರು, ತಾರೀಖು, ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಚುನಾವಣಾಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 1950 ಸಹಾಯವಾಣಿಯೂ ಇದೆ. ವಾಟ್ಸಾಪಿನಲ್ಲಿ ಬಂದರೆ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ. ಇಷ್ಟರಿಂದ ಎಲ್ಲ ನಿಂತೀತೆಂದು ನಾನು ಹೇಳುವುದಿಲ್ಲ. ಇನ್ನೊಂದು ನಂಬರಿನಿಂದ ಬರುತ್ತದೆ. ನಮ್ಮ ಕೈಯಲ್ಲಿರುವುದು ಪಟ್ಟಿ ಹೊರಗೆ ಹೋಗದಂತೆ ನೋಡುವುದು.

ಬಸವನ ಬಾಗೇವಾಡಿಯಲ್ಲಿ ತಾಯಂದಿರ ಒಂದು ವಚನ ಬಳಗಕ್ಕೆ ಹೋಗಿದ್ದೆ. ಅವರ ವಾಟ್ಸಾಪ್ ಗುಂಪಿನಲ್ಲಿ ಚುನಾವಣೆ ಹೊತ್ತಿಗೆ ದಿನದ ವಚನಕ್ಕಿಂತ ಓಟಿನ ವಿಡಿಯೊಗಳೇ ಹೆಚ್ಚಾಗಿದ್ದವಂತೆ. ಅವರು ಯಾರನ್ನೂ ಹೊರಗೆ ಹಾಕಲಿಲ್ಲ. "ಕಳಿಸಿದಾಕಿ ಮುಂದಿನ ಸೋಮವಾರ ಎಲ್ಲರ ಎದುರಿಗೆ ನಿಂತು, ಇದು ನಂದೇ ಮಾತು ಅಂತ ಓದಿ ಹೇಳಬೇಕು" ಎಂದು ಗೊತ್ತು ಮಾಡಿದರು. ಒಬ್ಬರು ನಿಜವಾಗಿಯೂ ನಿಂತು ಓದಿದರಂತೆ, ಚರ್ಚೆಯೂ ಆಯಿತಂತೆ. ಉಳಿದವು ತಾವೇ ನಿಂತವು. ಯಾರಿಗೆ ಓಟು ಎಂದು ಎದುರಾಬದುರು ಕೂತು ವಾದ ಮಾಡುವುದರಲ್ಲಿ ತಪ್ಪೇನೂ ಇಲ್ಲ, ಅದು ಬೇಕು.

ನಾನು ತಿಂಗಳೊಪ್ಪತ್ತು ಒಳಗೊಳಗೇ ಬೆಂದು, ಕೊನೆಗೆ ಪೂಜ್ಯರ ಮುಂದೆ ಹೇಳಿದೆ. ಅವರು ಬಯ್ಯಲಿಲ್ಲ. "ಆ ತಾಯಿಗೆ ಹೇಳಿದ್ರೇನು?" ಎಂದಷ್ಟೇ ಕೇಳಿದರು. ಮರುದಿನ ಅವರ ಮನೆಗೆ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ನನ್ನ ಶಿಷ್ಯನ ಹೆಸರನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊಸ ವಹಿ ಮಾಡಿದ್ದೇವೆ. ಅದರಲ್ಲಿ ಒಳಪಂಗಡದ ಅಂಕಣವಿಲ್ಲ. ಫೋನ್ ನಂಬರ್ ಕೊಡುವುದು ನಿಮ್ಮ ಇಷ್ಟ. ಯಾರೇ ಬಂದರೂ, ಮಠದ ಟ್ರಸ್ಟಿನವರೇ ಬಂದರೂ, ಫೋಟೊ ತೆಗೆಯಲು ಬಿಡುವುದಿಲ್ಲ. ಹಳೆಯದು ಅಗೋ ಆ ಮೇಜಿನ ಮೇಲಿದೆ, ಪಕ್ಕದಲ್ಲಿ ಪೆನ್ನಿದೆ. ಪ್ರಸಾದಕ್ಕೆ ಹೋಗುವ ಮೊದಲು ನಿಮ್ಮ ಪುಟ ನೋಡಿ, ಬೇಡವಾದದ್ದನ್ನು ನಿಮ್ಮ ಕೈಯಾರೆ ಹೊಡೆದುಹಾಕಿ. ಆ ತಾಯಿ ನಿನ್ನೆಯೇ ಬಂದು ಹೋದರು. ನಂಬರು ಹೊಡೆಸಿದರು. ಯಜಮಾನರ ಹೆಸರು, ಅದರ ಹಿಂದಿನ 'ಲಿಂ.', ಎದುರಿಗಿನ ಒಂದು ಚೀಲ ಜೋಳ, ಇಷ್ಟು ಇರಲಿ ಅಂದರು.